ದೂರದರ್ಶನದ ಮಿಶ್ರ ಮಲ್ಲಕಾಳಗ: ಗುಣದೋಷ ವಿವೇಚನೆ

ಮನುಷ್ಯನು ಮನುಷ್ಯನೊಡನೆ ಬರಿಗೈಯಿಂದ ಹೋರಾಡುವ ಕ್ರೀಡೆ ಎಲ್ಲ ನಾಡುಗಳಲ್ಲಿಯೂ ಪ್ರಾಚೀನವಾದುದು. ಆದರೆ ಆ ಹೋರಾಟಕ್ಕೆ ಒಂದೊಂದು ನಾಡೂ ತನ್ನದೇ ಆದ ಎಲ್ಲೆಗಳನ್ನು ಗೊತ್ತುಮಾಡಿಕೊಂಡಿತು. ಕುಸ್ತಿಯಾಳು ಹಿಡಿಯಬಹುದು, ಹೊಡೆಯಕೂಡದು. ಮುಷ್ಟಿಯುದ್ಧದವನು ಹೊಡೆಯಬಹುದು, ಹಿಡಿಯಕೂಡದು. ಜುಡೊ ಪಟುವು ಎತ್ತಿ ಕೆಡಹಬಹುದು, ಒದೆಯಕೂಡದು. ಈ ಎಲ್ಲೆಗಳನ್ನು ಅಳಿಸಿ, ಹೊಡೆತ, ಒದೆತ, ಹಿಡಿತ, ನೆಲಕ್ಕೆ ಬಿದ್ದಮೇಲಿನ ಪಟ್ಟು ಇವೆಲ್ಲಕ್ಕೂ ಒಂದೇ ಕಣದಲ್ಲಿ ಅವಕಾಶವೀಯುವ ಆಧುನಿಕ ಕ್ರೀಡೆಯನ್ನು ಮಿಶ್ರ ಸಮರಕಲೆ ಎಂದು ಕರೆಯುತ್ತಾರೆ. ಎಂ.ಎಂ.ಎ. ಎಂಬ ಮೂರಕ್ಷರದ ಹೆಸರಿನಿಂದ ನಮ್ಮ ತರುಣರಿಗೆ ಅದು ಚಿರಪರಿಚಿತ. ಮನೆಯ ಹಿರಿಯರಿಗಾದರೋ ಅದು ಪಂಜರದೊಳಗೆ ಇಬ್ಬರು ಬಡಿದಾಡುವ ಒಂದು ಭಯಂಕರ ದೃಶ್ಯ ಮಾತ್ರ. ಮೆಚ್ಚುವವರು, ಹಳಿಯುವವರು ಇಬ್ಬರೂ ಪೂರ್ತಿಯಾಗಿ ನೋಡದೆಯೇ ತೀರ್ಪು ಕೊಡುವುದುಂಟು. ಆದುದರಿಂದ ಈ ಕ್ರೀಡೆಯ, ವಿಶೇಷವಾಗಿ ದೂರದರ್ಶನಕ್ಕೆಂದೇ ಏರ್ಪಡುವ ಅದರ ಪ್ರದರ್ಶನದ, ಗುಣದೋಷಗಳನ್ನು ಸಮಚಿತ್ತದಿಂದ ಪರಿಶೀಲಿಸುವುದು ಉಚಿತವಾಗಿದೆ.

ಈ ವಿಚಾರ ಮುಂಬಯಿಯ ಕನ್ನಡಿಗರಿಗೆ ದೂರದ್ದೇನೂ ಅಲ್ಲ. ಭಾರತದಲ್ಲಿ ಭಾರಿ ಪ್ರಚಾರದೊಡನೆ ನಡೆದ ಇಂತಹ ಮೊದಲ ಕೂಟಗಳಲ್ಲಿ ಒಂದು ಈ ನಗರದಲ್ಲಿಯೇ ಜರುಗಿತು. ಕುರ್ಲಾದಿಂದ ಹೊರಡುವ ಅಂಧೇರಿ-ಕುರ್ಲಾ ರಸ್ತೆ ಯಾವ ಅಂಧೇರಿಯನ್ನು ಮುಟ್ಟುತ್ತದೆಯೋ ಆ ಅಂಧೇರಿಯ ಕ್ರೀಡಾ ಸಂಕುಲದಲ್ಲಿ ೨೦೧೨ರ ಮಾರ್ಚ್ ೧೧ರಂದು ಸೂಪರ್ ಫೈಟ್ ಲೀಗ್ ಎಂಬ ಸಂಸ್ಥೆಯ ಪ್ರಥಮ ಕಾಳಗಗಳು ನಡೆದುವು. ಉದ್ಯಮಿ ರಾಜ್ ಕುಂದ್ರಾ ಮತ್ತು ಚಿತ್ರನಟ ಸಂಜಯ ದತ್ತ ಇದರ ಸ್ಥಾಪಕರು. ಅಂದಿನ ಮುಖ್ಯ ಕಾಳಗ ಅಮೆರಿಕದ ಬಾಬ್ ಸಾಪ್ ಮತ್ತು ಇಂಗ್ಲೆಂಡಿನ ಜೇಮ್ಸ್ ಥಾಂಪ್ಸನ್ ಎಂಬ ಇಬ್ಬರು ದೈತ್ಯದೇಹಿಗಳ ನಡುವೆ ನಡೆಯಿತು. ಪ್ರಥಮ ಸುತ್ತಿನಲ್ಲಿಯೇ, ೧ ನಿಮಿಷ ೫೪ ಸೆಕೆಂಡಿನಲ್ಲಿ, ಸಾಪ್ ಕಾಲಿನ ನೋವಿನಿಂದ ಮುಂದುವರಿಯಲಾರದೆ ಸೋತನು. ತಿಂಗಳುಗಟ್ಟಲೆ ಸಾರಿದ ಕಾಳಗ ಎರಡು ನಿಮಿಷವೂ ನಿಲ್ಲಲಿಲ್ಲ. ಈ ಒಂದು ಸಂಗತಿಯಲ್ಲಿ ದೂರದರ್ಶನದ ಕಾಳಗದ ಬಲವೂ ದೌರ್ಬಲ್ಯವೂ ಒಟ್ಟಿಗೇ ಅಡಗಿವೆ. ಅದನ್ನು ಬಿಡಿಸಿ ನೋಡುವ ಮೊದಲು ಕ್ರೀಡೆಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ತಿಳಿಯಬೇಕು.

ಮಿಶ್ರಕಾಳಗ ನಿನ್ನೆ ಮೊನ್ನೆಯ ಸೃಷ್ಟಿಯಲ್ಲ. ಪ್ರಾಚೀನ ಗ್ರೀಸಿನ ಒಲಿಂಪಿಕ್ ಕೂಟಗಳಲ್ಲಿ ಪಂಕ್ರೇಶನ್ ಎಂಬ, ಹೊಡೆತ ಹಿಡಿತಗಳೆರಡೂ ಬೆರೆತ ಸ್ಪರ್ಧೆಯಿತ್ತು. ಕನ್ನಡ ನಾಡಿಗೂ ತನ್ನದೇ ಪರಂಪರೆಯಿದೆ. ಮೈಸೂರಿನ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ಹೊಡೆತ ಮತ್ತು ಮಲ್ಲವಿದ್ಯೆ ಇವೆರಡರ ಮಿಶ್ರಣವೇ ಆಗಿದೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ, ತಲೆ ಬೋಳಿಸಿಕೊಂಡು ಮುಷ್ಟಿಗೆ ವಜ್ರಮುಷ್ಟಿ ತೊಟ್ಟ ಜೆಟ್ಟಿಗಳು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಇಂದು ಈ ಕಾಳಗದ ದೃಶ್ಯವನ್ನೂ ನಾವು ದಸರೆಯ ಸಮಯದಲ್ಲಿ ದೂರದರ್ಶನದಲ್ಲಿ ಕಾಣುತ್ತೇವೆ.

ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಅಲ್ಲಿ ಮಲ್ಲರ ದರ್ಜೆಗಳು, ಅವರ ವ್ಯಾಯಾಮಕ್ರಮ, ಅವರಿಗೆ ಕೊಡಬೇಕಾದ ಆಹಾರ, ಕಣದ ರಚನೆ ಎಲ್ಲವೂ ವರ್ಣಿತವಾಗಿವೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಲ್ಲಯುದ್ಧ ಅರಸನಿಗೆ ವಿನೋದವೇ ಹೌದು. ಆದರೆ ಆ ವಿನೋದವನ್ನು ನೋಡುವ ಅರಸನೇ ಮಲ್ಲರ ಪೋಷಣೆಯ ಹೊಣೆಯನ್ನೂ ಹೊರುತ್ತಾನೆ. ನೋಡುವ ಹಕ್ಕು, ಸಾಕುವ ಹೊಣೆ ಇವೆರಡೂ ಒಂದೇ ಕೈಯಲ್ಲಿದ್ದುವು. ಇಂದಿನ ಪ್ರದರ್ಶನದ ಗುಣದೋಷವನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಅಳತೆಗೋಲು ಬೇಕಿಲ್ಲ.

ಆಧುನಿಕ ಕಾಲದಲ್ಲಿ ಈ ಕಾಳಗ ದೂರದರ್ಶನದ ಆಶ್ರಯದಲ್ಲಿಯೇ ಬೆಳೆಯಿತು. ೧೯೭೬ರ ಜೂನ್ ೨೬ರಂದು ಟೋಕಿಯೊ ನಗರದಲ್ಲಿ ಮುಷ್ಟಿಯುದ್ಧದ ಜಗಜ್ಜಟ್ಟಿ ಮಹಮ್ಮದ್ ಅಲಿ ಮತ್ತು ಜಪಾನಿನ ಕುಸ್ತಿಪಟು ಆಂಟೋನಿಯೊ ಇನೊಕಿ ಎದುರಾದರು. ಹಲವು ದೇಶಗಳ ಜನ ಅದನ್ನು ತೆರೆಯ ಮೇಲೆ ಕಂಡರು. ಇನೊಕಿ ಹದಿನೈದು ಸುತ್ತುಗಳಲ್ಲಿ ಬಹುಪಾಲು ನೆಲದ ಮೇಲೆ ಮಲಗಿಯೇ ಅಲಿಯ ಕಾಲುಗಳಿಗೆ ಒದೆಯುತ್ತಿದ್ದನು. ಕಾಳಗ ಸಮವಾಗಿ ಮುಗಿದು ಪ್ರೇಕ್ಷಕರು ರೇಗಿದರು. ನಿಯಮಗಳು ಇನೊಕಿಯ ಕೈಕಾಲುಗಳನ್ನು ಎಷ್ಟು ಕಟ್ಟಿಹಾಕಿದ್ದುವೆಂಬುದು ಅವರಿಗೆ ತಿಳಿದಿರಲಿಲ್ಲ. ನಿಯಮ ತಿಳಿಯದವನಿಗೆ ಮಿಶ್ರಕಾಳಗ ಅರ್ಥವಾಗದು ಎಂಬ ಪಾಠ ಅಂದೇ ದೊರೆಯಿತು.

ಬಳಿಕ ೧೯೯೩ರ ನವೆಂಬರ್ ೧೨ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್ಪಿನ ಮೊದಲ ಕೂಟ ನಡೆಯಿತು. ಮನೆಯಲ್ಲಿ ಹಣ ತೆತ್ತು ನೋಡುವ ದೂರದರ್ಶನ ಕಾರ್ಯಕ್ರಮವೆಂದೇ ಅದನ್ನು ಯೋಜಿಸಲಾಗಿತ್ತು. ಬ್ರೆಜಿಲ್ ದೇಶದ ರಾಯ್ಸ್ ಗ್ರೇಸಿ, ತನಗಿಂತ ಭಾರವಾದವರನ್ನು ನೆಲದ ಪಟ್ಟುಗಳಿಂದ ಸೋಲಿಸಿ ಗೆದ್ದನು. ಆಗ ತೂಕದ ದರ್ಜೆಗಳಿರಲಿಲ್ಲ, ನಿಷೇಧಗಳೂ ಕೆಲವೇ. ಸೆನೆಟರ್ ಜಾನ್ ಮೆಕೇನ್ ಮೊದಲಾದವರು ಇದನ್ನು ತೀವ್ರವಾಗಿ ಖಂಡಿಸಿದರು. ಅನೇಕ ಕೇಬಲ್ ಸಂಸ್ಥೆಗಳು ಪ್ರಸಾರವನ್ನು ನಿಲ್ಲಿಸಿದುವು. ಆ ಒತ್ತಡದಿಂದಲೇ ೨೦೦೦ದ ಸುಮಾರಿಗೆ ನ್ಯೂ ಜರ್ಸಿ ರಾಜ್ಯದಲ್ಲಿ ಏಕರೂಪದ ನಿಯಮಾವಳಿ ಸಿದ್ಧವಾಯಿತು. ಐದೈದು ನಿಮಿಷಗಳ ಮೂರು ಸುತ್ತುಗಳು, ಪ್ರಶಸ್ತಿ ಕಾಳಗಕ್ಕೆ ಐದು, ತೂಕದ ದರ್ಜೆಗಳು, ತೆಳುವಾದ ಕೈಗವಸು, ಮೂವರು ತೀರ್ಪುಗಾರರು, ಕಣ್ಣಿಗೆ ಚುಚ್ಚುವುದು, ಕಚ್ಚುವುದು, ತಲೆಯ ಹಿಂಭಾಗಕ್ಕೆ ಹೊಡೆಯುವುದು, ನೆಲದಲ್ಲಿರುವವನ ತಲೆಗೆ ಒದೆಯುವುದು ಮುಂತಾದವುಗಳ ನಿಷೇಧ, ಇವು ಅದರ ಮುಖ್ಯಾಂಶಗಳು. ತೆರೆಯಿಂದ ಹೊರದೂಡಲ್ಪಟ್ಟ ಕ್ರೀಡೆ ನಿಯಮವನ್ನು ಒಪ್ಪಿಕೊಂಡಮೇಲೆಯೇ ತೆರೆಗೆ ಮರಳಿತೆಂಬುದು ಮರೆಯತಕ್ಕ ಮಾತಲ್ಲ.

ಇನ್ನು ಗುಣಗಳನ್ನು ನೋಡೋಣ. ಮೊದಲನೆಯದು, ಇದು ನಿಜವಾದ ಸ್ಪರ್ಧೆ. ಮುಂಬಯಿಯ ಹಿರಿಯರಿಗೆ ವರಳಿಯ ವಲ್ಲಭಭಾಯಿ ಪಟೇಲ್ ಕ್ರೀಡಾಂಗಣದಲ್ಲಿ ನಡೆಯುತ್ತಿದ್ದ ದಾರಾ ಸಿಂಗ್, ಕಿಂಗ್ ಕಾಂಗ್ ಮೊದಲಾದವರ ಫ್ರೀಸ್ಟೈಲ್ ಕುಸ್ತಿಗಳು ನೆನಪಿರಬಹುದು. ಆ ಬಗೆಯ ಕುಸ್ತಿಯಲ್ಲಿ ಸ್ಪರ್ಧೆ ಎಷ್ಟು, ಆಟ ಎಷ್ಟು ಎಂಬ ಚರ್ಚೆ ಎಂದೂ ತೀರಲಿಲ್ಲ. ಮಿಶ್ರ ಸಮರಕಲೆಯಲ್ಲಿ ಫಲಿತಾಂಶ ಮೊದಲೇ ಗೊತ್ತಾಗಿರುವುದಿಲ್ಲ. ಅಂಧೇರಿಯ ಮುಖ್ಯ ಕಾಳಗ ಅಷ್ಟು ಬೇಗ ಮುಗಿದುದೇ ಇದಕ್ಕೆ ಒಂದು ಬಗೆಯ ಸಾಕ್ಷಿ. ನಾಟಕವಾಗಿದ್ದರೆ ಅದನ್ನು ಇನ್ನಷ್ಟು ಲಂಬಿಸುತ್ತಿದ್ದರು.

ಎರಡನೆಯದು, ವಿದ್ಯೆಯ ವೈವಿಧ್ಯ. ಬಲವೊಂದೇ ಇಲ್ಲಿ ಸಾಲದು. ಶ್ವಾಸ, ಸಮತೋಲ, ಸಮಯಪ್ರಜ್ಞೆ ಎಲ್ಲವೂ ಬೇಕು. ಗರಡಿಯ ಮಣ್ಣಿನಲ್ಲಿ ಪಳಗಿದವನಿಗೆ ಹಿಡಿತದ ವಿದ್ಯೆ ಇಲ್ಲಿ ದೊಡ್ಡ ಬಂಡವಾಳ. ಮೂರನೆಯದು, ಸೋಲನ್ನು ಗೌರವದಿಂದ ಒಪ್ಪಿಕೊಳ್ಳುವ ದಾರಿ. ಪಟ್ಟಿಗೆ ಸಿಕ್ಕವನು ಎದುರಾಳಿಯ ಮೈಮೇಲೆ ಕೈತಟ್ಟಿದರೆ ಸಾಕು, ಕಾಳಗ ನಿಲ್ಲುತ್ತದೆ. ಮುಷ್ಟಿಯುದ್ಧದಲ್ಲಿ ಬಿದ್ದವನು ಎಣಿಕೆ ಮುಗಿಯುವುದರೊಳಗೆ ಎದ್ದು ಮತ್ತೆ ಪೆಟ್ಟು ತಿನ್ನಬೇಕಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂದರ್ಭದಲ್ಲಿ ಉಲ್ಲೇಖಾರ್ಹ. ಕಾಳಗದ ತರುವಾಯದ ವೈದ್ಯಕೀಯ ಪರೀಕ್ಷೆಗಳ ಪ್ರಕಾರ, ಮಿಶ್ರಕಾಳಗದವರಲ್ಲಿ ಶೇಕಡ ೫೯.೪ರಷ್ಟು ಮಂದಿಗೂ ಮುಷ್ಟಿಯುದ್ಧದವರಲ್ಲಿ ಶೇಕಡ ೪೯.೮ರಷ್ಟು ಮಂದಿಗೂ ಯಾವುದಾದರೊಂದು ಗಾಯವಾಗಿತ್ತು. ಆದರೆ ಪ್ರಜ್ಞೆ ತಪ್ಪುವುದು ಅಥವಾ ಕಣ್ಣಿಗೆ ತೀವ್ರವಾದ ಪೆಟ್ಟು ಇವು ಮುಷ್ಟಿಯುದ್ಧದವರಲ್ಲಿ ಶೇಕಡ ೭.೧, ಮಿಶ್ರಕಾಳಗದವರಲ್ಲಿ ಶೇಕಡ ೪.೨. ಕಣ್ಣಿಗೆ ಹೆಚ್ಚು ಕ್ರೂರವಾಗಿ ಕಾಣುವುದೇ ದೇಹಕ್ಕೆ ಹೆಚ್ಚು ಹಾನಿಕರ ಎನ್ನಲಾಗದು.

ನಾಲ್ಕನೆಯದು, ಸ್ತ್ರೀಯರಿಗೆ ದೊರೆತ ಅವಕಾಶ. ೨೦೧೭ರಲ್ಲಿ ಸೂಪರ್ ಫೈಟ್ ಲೀಗ್ ದೆಹಲಿಯಲ್ಲಿ ತಂಡಗಳ ಸ್ಪರ್ಧೆಯಾಗಿ ನಡೆದಾಗ ಬೆಂಗಳೂರಿನ ಹೆಸರಿನ ತಂಡವೂ ಅದರಲ್ಲಿತ್ತು, ಸ್ತ್ರೀಯರೂ ಕಣಕ್ಕಿಳಿದಿದ್ದರು. ೨೦೧೯ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮ್ಯಾಟ್ರಿಕ್ಸ್ ಫೈಟ್ ನೈಟ್ ಎಂಬ ವೇದಿಕೆಯಲ್ಲಿ ಹೋರಾಡಿದ ಉತ್ತರ ಪ್ರದೇಶದ ಪೂಜಾ ತೋಮರ್ ೨೦೨೪ರ ಜೂನ್ ತಿಂಗಳಲ್ಲಿ ಅಮೆರಿಕದ ದೊಡ್ಡ ವೇದಿಕೆಯಲ್ಲಿ ಜಯಗಳಿಸಿದಳು. ಅಲ್ಲಿ ಗೆದ್ದ ಮೊದಲ ಭಾರತೀಯಳೆಂಬ ಕೀರ್ತಿ ಅವಳದು. ದೇಶದಲ್ಲಿ ವೇದಿಕೆಗಳಿಲ್ಲದಿದ್ದರೆ ಈ ಮಟ್ಟಕ್ಕೆ ಏರುವುದು ಬಹಳ ಕಷ್ಟವಾಗುತ್ತಿತ್ತು.

ದೋಷಗಳಾದರೋ ಬಹುಮಟ್ಟಿಗೆ ಕ್ರೀಡೆಯವಲ್ಲ, ಪ್ರದರ್ಶನದವು. ದೂರದರ್ಶನಕ್ಕೆ ಬೇಕಾದುದು ಪ್ರಸಿದ್ಧವಾದ ಮುಖ, ಕಣ್ಸೆಳೆಯುವ ದೇಹ. ಬಾಬ್ ಸಾಪ್ ೨೦೧೨ರ ಹೊತ್ತಿಗೆ ಸೋಲಿನ ಮೇಲೆ ಸೋಲನ್ನು ಕಾಣುತ್ತಿದ್ದವನು. ಆದರೂ ಜಪಾನಿನಲ್ಲಿ ಗಳಿಸಿದ್ದ ಹಳೆಯ ಖ್ಯಾತಿ, ಪರ್ವತಪ್ರಾಯವಾದ ಮೈಕಟ್ಟು ಇವು ಅವನನ್ನು ಮುಖ್ಯ ಕಾಳಗಕ್ಕೆ ತಂದುವು. ಹೊಸ ನಾಡಿನ ಜನರಿಗೆ ಈ ವಿದ್ಯೆಯ ಪ್ರಥಮ ಪಾಠವಾಗಬೇಕಾಗಿದ್ದ ಕಾಳಗದಲ್ಲಿ ವಿದ್ಯೆಗಿಂತ ಗಾತ್ರವೇ ಮುಂದಾಯಿತು. ಡೆನ್ವರಿನಲ್ಲಿ ಚಿಕ್ಕವನು ದೊಡ್ಡವನನ್ನು ಗೆದ್ದು ಕಲಿಸಿದ್ದನ್ನು ಅಂಧೇರಿಯಲ್ಲಿ ಇಬ್ಬರು ದೊಡ್ಡವರು ಕಲಿಸಲಾರದೆ ಹೋದರು.

ಎರಡನೆಯ ದೋಷ ವಿವರಣೆಯ ಕೊರತೆ. ನೆಲದ ಮೇಲಿನ ಪಟ್ಟು ನೋಡುಗನಿಗೆ ಇಬ್ಬರು ಸುಮ್ಮನೆ ಅಪ್ಪಿಕೊಂಡು ಬಿದ್ದಂತೆ ತೋರುತ್ತದೆ. ಯಾವ ಕೈ ಎಲ್ಲಿ ಸಿಕ್ಕಿದೆ, ಯಾವ ಕೀಲಿಗೆ ಅಪಾಯ ಎಂಬುದನ್ನು ಬಲ್ಲವರು ತಿಳಿಹೇಳಿದರೆ ಅದೇ ಅತ್ಯಂತ ಕುತೂಹಲಕರವಾದ ಭಾಗ. ಕನ್ನಡದಲ್ಲಿ ಕುಸ್ತಿಯ ಪಟ್ಟುಗಳಿಗೆ ಗರಡಿಯ ಪದಸಂಪತ್ತು ಇದೆ. ಅದನ್ನು ಬಳಸಿ ವಿವರಿಸುವವರು ವಿರಳ. ವಿವರಣೆಯಿಲ್ಲದ ಕಡೆ ಜನ ಹೊಡೆತವನ್ನು ಮಾತ್ರ ಮೆಚ್ಚುತ್ತಾರೆ. ಜನ ಮೆಚ್ಚಿದ್ದನ್ನೇ ಪ್ರಸಾರಕರು ಮತ್ತೆ ಮತ್ತೆ ತೋರಿಸುತ್ತಾರೆ. ಹೀಗೆ ಒಂದು ಸಮಗ್ರ ವಿದ್ಯೆ ತುಂಡುತುಂಡು ಹೊಡೆತಗಳ ಚಿತ್ರವಾಗಿ ಮನೆಮನೆಯ ಮಕ್ಕಳನ್ನು ತಲಪುತ್ತದೆ.

ಮೂರನೆಯದು, ತೆರೆಯ ಮೇಲೆ ಕಾಣದ ಅಪಾಯ. ಕಾಳಗಕ್ಕೆ ಮುಂಚೆ ತೂಕದ ದರ್ಜೆಗೆ ಒಗ್ಗಲು ಪಟುಗಳು ನೀರು ಬಿಟ್ಟು, ಬೆವರು ಹರಿಸಿ ಮೈಯನ್ನು ಒಣಗಿಸುತ್ತಾರೆ. ೨೦೧೫ರ ಡಿಸೆಂಬರಿನಲ್ಲಿ ಫಿಲಿಪೈನ್ಸ್ ದೇಶಕ್ಕೆ ಕಾಳಗಕ್ಕೆಂದು ಹೋದ ಚೀನದ ೨೧ ವರ್ಷದ ಪಟುವೊಬ್ಬನು ಹೀಗೆ ತೂಕ ಇಳಿಸುವಾಗ ಕುಸಿದು ತೀರಿಕೊಂಡನು. ಆಮೇಲೆ ಆ ಕೂಟದ ಸಂಸ್ಥೆ ತೂಕದ ನಿಯಮವನ್ನೇ ಬದಲಾಯಿಸಿತು. ನಮ್ಮ ನಾಡಿನ ಉದಾಹರಣೆಯೂ ಇದೆ. ೨೦೨೨ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ತಲೆಗೆ ಪೆಟ್ಟು ಬಿದ್ದ ಮೈಸೂರಿನ ತರುಣನೊಬ್ಬನು ಎರಡು ಮೂರು ದಿನಗಳಲ್ಲಿ ಮರಣಹೊಂದಿದನು. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ಆಪಾದಿಸಿ ಪೊಲೀಸರಿಗೆ ದೂರು ಕೊಟ್ಟರು. ಅದು ಮಿಶ್ರಕಾಳಗವಲ್ಲ, ಅದರ ಒಂದು ಅಂಗವಾದ ಕ್ರೀಡೆ. ಆದರೆ ದೊಡ್ಡ ವೇದಿಕೆಯ ಥಳಕನ್ನು ಕಂಡು ಹೊರಟ ತರುಣ ಮೊದಲು ಮುಟ್ಟುವುದು ಇಂತಹ ಚಿಕ್ಕ ವೇದಿಕೆಯನ್ನೇ. ದೊಡ್ಡದರಲ್ಲಿರುವ ವೈದ್ಯರು, ತರಬೇತಿ ಪಡೆದ ಪಂಚರು ಚಿಕ್ಕದರಲ್ಲಿಯೂ ಇರುವರೆಂದು ನಂಬಲಾಗದು. ಅಮೆರಿಕದ ರಾಜ್ಯಗಳಲ್ಲಿರುವಂತೆ ಕಾನೂನಿನ ಬಲವುಳ್ಳ ನಿಯಂತ್ರಣ ಮಂಡಲಿ ನಮ್ಮಲ್ಲಿಲ್ಲದಿರುವುದು ಈ ಅಪಾಯವನ್ನು ಹೆಚ್ಚಿಸಿದೆ.

ಇಲ್ಲಿ ವಜ್ರಮುಷ್ಟಿಯ ನಿಯಮವನ್ನು ಮತ್ತೆ ನೆನೆಯಬೇಕು. ರಕ್ತ ಕಂಡೊಡನೆ ನಿಲ್ಲಿಸುವುದು ವೈದ್ಯಶಾಸ್ತ್ರದ ದೃಷ್ಟಿಯಿಂದ ಪೂರ್ಣವಾದ ರಕ್ಷಣೆಯಲ್ಲ. ಮಿದುಳಿನ ಪೆಟ್ಟಿಗೆ ರಕ್ತ ಹೊರಬೀಳಬೇಕೆಂದಿಲ್ಲ. ಆದರೆ ಅದರ ಹಿಂದಿನ ತತ್ತ್ವ ದೊಡ್ಡದು: ಎಲ್ಲಿ ನಿಲ್ಲಿಸಬೇಕೆಂಬುದು ಮೊದಲೇ ನಿಶ್ಚಿತ, ನೋಡುವವರ ಉತ್ಸಾಹ ಅದನ್ನು ಮೀರಲಾರದು. ದೂರದರ್ಶನದಲ್ಲಿ ನೋಡುವವನು ಕಣದಿಂದ ಸಾವಿರ ಹರದಾರಿ ದೂರದಲ್ಲಿದ್ದಾನೆ. ಮಲ್ಲನ ಊಟದ ಖರ್ಚು, ಮುರಿದ ಮೂಳೆಯ ಚಿಕಿತ್ಸೆ, ವಯಸ್ಸು ಕಳೆದಮೇಲಿನ ಜೀವನ ಇವಾವುವೂ ಅವನಿಗೆ ಸಂಬಂಧಪಡವು. ಸೋಮೇಶ್ವರನ ಆಸ್ಥಾನದಲ್ಲಿ ಒಂದಾಗಿದ್ದ ವಿನೋದ ಮತ್ತು ಹೊಣೆ ಇಂದು ಬೇರೆಬೇರೆಯಾಗಿವೆ. ಮಿಕ್ಕ ಅನೇಕ ದೋಷಗಳು ಈ ಒಂದರಿಂದಲೇ ಬೆಳೆದುವೆನ್ನಬಹುದು.

ಹಾಗೆಂದು ಈ ಕ್ರೀಡೆಯನ್ನು ನಿಷೇಧಿಸಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ನಿಷೇಧದಿಂದ ಕಾಳಗ ನಿಲ್ಲದು, ಕತ್ತಲೆಗೆ ಸೇರುವುದು. ಒಂದು ಕಾಲಕ್ಕೆ ಗಿರಣಿ ಕಾರ್ಖಾನೆಗಳ ಊರಾಗಿದ್ದ ಕುರ್ಲಾದಂತಹ ಉಪನಗರದಲ್ಲಿ ದುಡಿಮೆಯ ಮನೆಗಳ ಮಕ್ಕಳಿಗೆ ದೇಹಬಲದಿಂದ ಹೆಸರು ಗಳಿಸುವ ಆಸೆ ಸಹಜವಾದುದು, ಗೌರವಾರ್ಹವಾದುದು. ಅಂತಹ ಮಗನನ್ನೋ ಮಗಳನ್ನೋ ಕಣಕ್ಕೆ ಕಳುಹಿಸುವ ಮನೆಯವರು ಕೆಲವು ಪ್ರಶ್ನೆಗಳನ್ನು ಕೇಳುವುದು ಅವಶ್ಯಕ. ಕಣದ ಬಳಿ ವೈದ್ಯರೂ ಆಂಬುಲೆನ್ಸೂ ಇರುವರೆ? ಪ್ರಜ್ಞೆ ತಪ್ಪಿದವನನ್ನು ಎಷ್ಟು ದಿನ ಮರಳಿ ಕಣಕ್ಕೆ ಇಳಿಸುವುದಿಲ್ಲ? ತೂಕ ಇಳಿಸುವುದನ್ನು ಯಾರು ಗಮನಿಸುತ್ತಾರೆ? ವಿಮೆ ಇದೆಯೆ? ಎದುರಾಳಿ ಅನುಭವದಲ್ಲಿ ಸಮಾನನೆ? ಇವುಗಳಿಗೆ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಉತ್ತರ ಕೊಡದ ವೇದಿಕೆಯಿಂದ ದೂರವಿರುವುದೇ ಲೇಸು.

ನಮ್ಮ ಸಂಘಸಂಸ್ಥೆಗಳೂ ಇದರಲ್ಲಿ ಮಾಡಬಹುದಾದ ಕೆಲಸವಿದೆ. ಹಿಂದೆ ರಾತ್ರಿಶಾಲೆಗಳ ಮೂಲಕ ಈ ನಗರದ ಕನ್ನಡ ಹುಡುಗರಿಗೆ ಅಕ್ಷರ ಕಲಿಸಿದ ಸಮಾಜ, ಇಂದು ತನ್ನ ಸಭಾಂಗಣದಲ್ಲಿ ಒಬ್ಬ ವೈದ್ಯರನ್ನೂ ಒಬ್ಬ ಹಳೆಯ ಕುಸ್ತಿ ಉಸ್ತಾದರನ್ನೂ ಕೂರಿಸಿ, ಒಂದು ಕಾಳಗವನ್ನು ತೆರೆಯ ಮೇಲೆ ತೋರಿಸುತ್ತ ಪಟ್ಟು ಪಟ್ಟಾಗಿ ವಿವರಿಸಬಹುದು. ಆ ಬಳಿಕ ಹುಡುಗರು ಹೊಡೆತವನ್ನು ಕಂಡು ಕೇಕೆ ಹಾಕುವ ಮೊದಲು ಹಿಡಿತವನ್ನು ಗುರುತಿಸಿಯಾರು, ಪಂಚನು ಕಾಳಗವನ್ನು ನಿಲ್ಲಿಸಿದಾಗ ಬೇಸರಪಡದೆ ಒಪ್ಪಿಯಾರು. ಅಂತಹ ಪ್ರೇಕ್ಷಕರು ಹೆಚ್ಚಿದಂತೆ ಪ್ರಸಾರಕರೂ ತಮ್ಮ ಪ್ರದರ್ಶನವನ್ನು ತಿದ್ದಿಕೊಳ್ಳಬೇಕಾಗುತ್ತದೆ.