ಕಂಪನಿ ಕಾರ್ಡು ಮತ್ತು ಅಡಿಕೆಗೆ ಹೋದ ಮಾನ

ತಿಂಗಳ ಕೊನೆಯ ವಾರದಲ್ಲಿ ಹಿಂಜವಡಿಯಲ್ಲೋ ಗಚ್ಚಿಬೌಲಿಯಲ್ಲೋ ಯಾವುದಾದರೂ ಆಫೀಸಿನ ಕ್ಯಾಂಟೀನಿನಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಟೂರ್ ಮುಗಿಸಿ ಬಂದವರು ಮೊಬೈಲಿನಲ್ಲಿ ಬಿಲ್ಲುಗಳ ಫೋಟೋ ಹುಡುಕುತ್ತಿರುತ್ತಾರೆ. ಜೇಬಿನಲ್ಲಿದ್ದು ಅಕ್ಷರವೆಲ್ಲ ಅಳಿಸಿಹೋದ ರಶೀದಿ, ಜಿಎಸ್‌ಟಿ ನಂಬರ್ ಇಲ್ಲದ ಹೋಟೆಲ್ ಬಿಲ್, ಬಿಲ್ಲೇ ಕೊಡದ ಆಟೋದವನು. ಎದುರಿಗೆ ಫೈನಾನ್ಸಿನವರ ಮೂರನೇ ಮೇಲ್: 'ಎರಡು ದಿನದೊಳಗೆ ಸಲ್ಲಿಸದಿದ್ದರೆ ಸಂಬಳದಲ್ಲಿ ಹಿಡಿಯಲಾಗುವುದು.'

ಕಂಪನಿಗಳಿಗೆ ಈ ಖರ್ಚಿನ ಲೆಕ್ಕದ ಸಾಫ್ಟ್‌ವೇರ್ ಅಳವಡಿಸಿಕೊಡುವುದೇ ನನ್ನ ಕೆಲಸ. ಹಾಗಾಗಿ ಬಿಲ್ ಹಾಕುವವರ ಗೋಳನ್ನೂ ಬಿಲ್ ನೋಡುವವರ ಗೋಳನ್ನೂ ಹತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಕಾರ್ಡು ಕೈಗೆ ಬಂತೆಂದು ಕಂಪನಿಗೆ ಟೋಪಿ ಹಾಕುವವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ನಾನು ಕಂಡ ಮಟ್ಟಿಗೆ ಅವರು ಬೆರಳೆಣಿಕೆಯವರು. ಉಳಿದವರು ನಿಯಮ ಮುರಿಯುವುದು, ನಿಯಮ ಬರೆದವರು ಆ ಊರಿಗೆ ಹೋಗಿ ಒಂದು ರಾತ್ರಿಯೂ ಉಳಿದಿಲ್ಲ ಎಂಬ ಕಾರಣಕ್ಕೆ.

ಪರಿಚಯದ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ದಾವಣಗೆರೆ ಕಡೆಯವನು, ಪುಣೆಯಲ್ಲಿ ಮೊದಲ ಕೆಲಸ. ಮೂರು ವಾರ ಚೆನ್ನೈಗೆ, ಕ್ಲೈಂಟ್ ಆಫೀಸಿಗೆ ಕಳಿಸಿದರು. ಕೋಣೆಗೆ ರಾತ್ರಿಗೆ 3,500 ರೂಪಾಯಿ ಮಿತಿ. ಆ ಮಿತಿ ಯಾವ ಕಾಲದಲ್ಲಿ ಹಾಕಿದ್ದೋ, ಯಾರೂ ಮತ್ತೆ ಮುಟ್ಟಿರಲಿಲ್ಲ. ಆ ದರಕ್ಕೆ ಕ್ಲೈಂಟ್ ಆಫೀಸಿನ ಹತ್ತಿರ ಎಲ್ಲೂ ಕೋಣೆ ಸಿಗಲಿಲ್ಲ. ದೂರದಲ್ಲಿ ಉಳಿಯೋಣವೆಂದರೆ ಶಿಫ್ಟ್ ಮುಗಿಯುವುದು ಮಧ್ಯರಾತ್ರಿ. ಮ್ಯಾನೇಜರಿಗೆ ಫೋನ್ ಮಾಡಿದ. 'ಅಡ್ಜಸ್ಟ್ ಮಾಡ್ಕೊಳ್ಳೋ, ಜಾಸ್ತಿ ಆಗಿದ್ದನ್ನ ಊಟದ ಲೆಕ್ಕಕ್ಕೆ ಹಾಕ್ಸು' ಎಂದು ಅವರು ಫೋನಿಟ್ಟರು. ಹೋಟೆಲಿನವರಿಗೆ ಇದೇನು ಹೊಸದಲ್ಲ, ಕೋಣೆಗೆ 3,500, ಉಳಿದದ್ದು ಊಟ ಎಂದು ಬರೆದುಕೊಟ್ಟರು.

ಆರು ತಿಂಗಳ ಮೇಲೆ ಆಡಿಟ್‌ನವರ ಕಣ್ಣಿಗೆ ಬಿತ್ತು. ಪ್ರತಿ ರಾತ್ರಿಯೂ ಒಂದೇ ಮೊತ್ತದ ಊಟ. ಪೈಸೆಯೂ ಹೆಚ್ಚುಕಮ್ಮಿ ಇಲ್ಲ. ಹಾಗೆ ಯಾರು ಉಣ್ಣುತ್ತಾರೆ? ಮ್ಯಾನೇಜರ್ ಹೇಳಿದ್ದಕ್ಕೆ ಹುಡುಗನ ಬಳಿ ಬರಹದ ಸಾಕ್ಷಿ ಇರಲಿಲ್ಲ. ಅವರಿಗೂ ನೆನಪಿರಲಿಲ್ಲ! ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟದ ಹಣ, ಅದೂ ನಿಜವಾಗಿ ಹೋಟೆಲಿಗೇ ಹೋದದ್ದು. ಆದರೆ ಕಂಪನಿಯ ದಾಖಲೆಯಲ್ಲಿ ಅದು 'ಸುಳ್ಳು ಬಿಲ್' ಆಯಿತು, ಹುಡುಗ ರಾಜೀನಾಮೆ ಕೊಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ. ಮುಂದಿನ ಕಂಪನಿ ಹಿನ್ನೆಲೆ ಪರಿಶೀಲನೆಗೆ ಫೋನ್ ಮಾಡಿದಾಗಲೆಲ್ಲ ಅವನ ಎದೆ ಡವಡವ. ಮ್ಯಾನೇಜರ್ ಅಲ್ಲೇ ಇದ್ದಾರೆ.

ಇಲ್ಲಿ ಕಂಪನಿಯದ್ದೂ ಒಂದು ಕಷ್ಟವಿದೆ. ಬಿಲ್ಲಿಗಾಗಿ ಅವರು ಪೀಡಿಸುವುದು ಬರೀ ಜಿಪುಣತನದಿಂದಲ್ಲ. ನಮ್ಮ ಆದಾಯ ತೆರಿಗೆ ನಿಯಮದ ಪ್ರಕಾರ, ಕಂಪನಿ ಕೊಟ್ಟ ಕ್ರೆಡಿಟ್ ಕಾರ್ಡಿನಲ್ಲಿ ನೌಕರ ಮಾಡಿದ ಖರ್ಚು ಪೂರ್ತಿ ಕಚೇರಿ ಕೆಲಸಕ್ಕೇ ಆಗಿರಬೇಕು. ಯಾವ ದಿನ, ಯಾವ ಬಗೆಯ ಖರ್ಚು ಎಂಬ ವಿವರ ಕಂಪನಿಯ ಬಳಿ ಇರಬೇಕು, ಕಂಪನಿ ಅದಕ್ಕೆ ಪ್ರಮಾಣಪತ್ರವನ್ನೂ ಕೊಡಬೇಕು. ಇಲ್ಲವಾದರೆ ಆ ಹಣ ನೌಕರನಿಗೆ ಸಿಕ್ಕ ಸವಲತ್ತು ಎನಿಸಿ ಅವನ ಆದಾಯಕ್ಕೇ ಸೇರುತ್ತದೆ. ಅಂದರೆ ರಶೀದಿ ಇಟ್ಟುಕೊಳ್ಳುವುದು ನಮ್ಮ ತಲೆ ಕಾಯುವುದಕ್ಕೂ ಹೌದು.

ಜಿಎಸ್‌ಟಿಯ ಗೊಂದಲ ಇನ್ನೊಂದು. ಹೋಟೆಲ್ ಕೋಣೆಯ ತೆರಿಗೆ ಹೋಟೆಲ್ ಇರುವ ರಾಜ್ಯದ ಲೆಕ್ಕಕ್ಕೆ ಹೋಗುತ್ತದೆ. ಪುಣೆಯವರು ಚೆನ್ನೈಯಲ್ಲಿ ಉಳಿದು ಮಹಾರಾಷ್ಟ್ರದ ಜಿಎಸ್‌ಟಿ ನಂಬರ್ ಕೊಟ್ಟರೆ ಕಂಪನಿಗೆ ಆ ತೆರಿಗೆ ವಾಪಸ್ ಬರುವುದಿಲ್ಲ. ಕಂಪನಿಗೆ ತಮಿಳುನಾಡಿನಲ್ಲಿ ನೋಂದಣಿ ಇದ್ದರೆ ಅಲ್ಲಿಯ ನಂಬರನ್ನೇ ಕೊಡಬೇಕು. ವಿಮಾನದ ಟಿಕೆಟ್ಟಿಗಾದರೆ ಬುಕ್ ಮಾಡುವಾಗಲೇ ಕಂಪನಿಯ ನಂಬರ್ ಹಾಕಬೇಕು. ಇದನ್ನು ಹೊರಡುವ ಮುಂಚೆ ಒಂದು ವಾಟ್ಸಾಪ್ ಮೆಸೇಜಿನಲ್ಲಿ ಹೇಳಿದರೆ ಮುಗಿಯಿತು. ಹೇಳುವುದಿಲ್ಲ. ನಲವತ್ತು ಪುಟದ ಪಾಲಿಸಿಯ ಮೂವತ್ತೊಂದನೇ ಪುಟದಲ್ಲಿ ಬರೆದು, ಓದಿದ್ದೇನೆ ಎಂದು ಟಿಕ್ ಹಾಕಿಸಿಕೊಳ್ಳುತ್ತಾರೆ.

ಇನ್ನು ನಮ್ಮ ಸಾಫ್ಟ್‌ವೇರಿಗೆ ಏನು ಕಾಣುತ್ತದೆ ಎಂಬುದು. ಕಾರ್ಡ್ ಉಜ್ಜಿದಾಗ ಅಂಗಡಿಯ ಬಗೆಯನ್ನು ಹೇಳುವ ನಾಲ್ಕು ಅಂಕಿಯ ಕೋಡ್ ಕೂಡ ದಾಖಲಾಗುತ್ತದೆ. ಊಟದ ಹೋಟೆಲಿಗೆ 5812, ಬಾರಿಗೆ 5813, ಒಡವೆ ಅಂಗಡಿಗೆ 5944. ಬೇಡದ ಕೋಡುಗಳನ್ನು ಕಂಪನಿ ಮೊದಲೇ ತಡೆದಿಡಬಹುದು. ಆಗ ಕಾರ್ಡೇ ನಡೆಯುವುದಿಲ್ಲ. ಇದು ನನಗೆ ಇಷ್ಟವಾದ ದಾರಿ, ಯಾಕೆಂದರೆ ಆರು ತಿಂಗಳ ಮೇಲೆ ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸಬೇಕಾಗಿಲ್ಲ. ಆದರೆ ಇದಕ್ಕೂ ಮಿತಿಯಿದೆ. ಲಾಡ್ಜಿಂಗ್ ಇರುವ ದೊಡ್ಡ ಹೋಟೆಲಿನ ಒಳಗಿನ ಬಾರಿನಲ್ಲಿ ಕುಡಿದರೆ ಅದು ಹೋಟೆಲ್ ವಾಸವೆಂದೇ ಬರಬಹುದು. ಇನ್ನು 500 ರೂಪಾಯಿವರೆಗೆ ಬಿಲ್ ಬೇಡ ಎಂಬ ನಿಯಮವಿರುವ ಕಡೆ 480, 490ರ ಖರ್ಚುಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತವೆ. ಅದನ್ನು ಹಿಡಿಯಲು ದೊಡ್ಡ ಬುದ್ಧಿವಂತಿಕೆಯ ಯಂತ್ರವೇನೂ ಬೇಡ.

ಸಣ್ಣ ಮೊತ್ತಕ್ಕೆ ದೊಡ್ಡ ಕೆಲಸ ಹೋಗುವುದು ನಮ್ಮಲ್ಲಿ ಮಾತ್ರವಲ್ಲ. 2024ರ ಅಕ್ಟೋಬರಿನಲ್ಲಿ ಮೆಟಾ ಕಂಪನಿ ಲಾಸ್ ಏಂಜಲಿಸ್ ಕಚೇರಿಯ ಸುಮಾರು ಇಪ್ಪತ್ತನಾಲ್ಕು ಜನರನ್ನು ತೆಗೆದುಹಾಕಿದ ಸುದ್ದಿ ಬಂತು. ಆಫೀಸಿನಲ್ಲಿ ಊಟಕ್ಕೆಂದು ಕೊಟ್ಟಿದ್ದ 25 ಡಾಲರ್ ಕ್ರೆಡಿಟ್ಟಿನಲ್ಲಿ ಬಟ್ಟೆ ಒಗೆಯುವ ಸೋಪು, ವೈನ್ ಗ್ಲಾಸು ತರಿಸಿಕೊಂಡಿದ್ದರಂತೆ. ಸ್ವೀಡನ್ನಿನ ಉಪ ಪ್ರಧಾನಿಯಾಗಿದ್ದ ಮೋನಾ ಸಾಲಿನ್ 1995ರಲ್ಲಿ ಸರ್ಕಾರಿ ಕಾರ್ಡಿನಲ್ಲಿ ಸ್ವಂತ ಸಾಮಾನು ಕೊಂಡದ್ದು ಬಯಲಾಗಿ, ಪ್ರಧಾನಿ ಪಟ್ಟದ ಹತ್ತಿರದಲ್ಲಿದ್ದವರು ಸ್ಪರ್ಧೆಯಿಂದಲೇ ಹಿಂದೆ ಸರಿದರು. ಕೊಂಡ ಸಾಮಾನಿನಲ್ಲಿ ಟೊಬ್ಲೆರೋನ್ ಚಾಕೊಲೇಟ್ ಇತ್ತು. ಜನ ಇವತ್ತಿಗೂ ಆ ಪ್ರಕರಣವನ್ನು ಆ ಚಾಕೊಲೇಟಿನ ಹೆಸರಿನಿಂದಲೇ ಕರೆಯುತ್ತಾರೆ. ಪಕ್ಷದ ನಾಯಕತ್ವ ಅವರಿಗೆ ಸಿಕ್ಕಿದ್ದು 2007ರಲ್ಲಿ.

ಸ್ವೀಡನ್ನಿನಲ್ಲಿ ಮೇಲಿನವರನ್ನೂ ಕೇಳಿದರು. ನಮ್ಮ ಕಂಪನಿಗಳಲ್ಲಿ ಎಡವುವುದು ಬಹುಪಾಲು ಅಲ್ಲೇ. ಟ್ರೈನಿಯ 90 ರೂಪಾಯಿಯ ಚಹಾ ಬಿಲ್ ವಾಪಸ್ ಬರುತ್ತದೆ, ಹಿರಿಯರ ವಾರಾಂತ್ಯದ ಡಿನ್ನರ್ 'ಕ್ಲೈಂಟ್ ಮೀಟಿಂಗ್' ಎಂಬ ಎರಡು ಪದದಲ್ಲಿ ಪಾಸಾಗುತ್ತದೆ. ಕೆಳಗಿನವರು ಕಾನೂನು ಕಲಿಯುವುದು ಪಾಲಿಸಿ ಓದಿಯಲ್ಲ, ಇದನ್ನು ನೋಡಿ. ಹಿರಿಯರು ಊಟಕ್ಕೆ ಯಾರನ್ನು ಕರೆದಿದ್ದರು ಎಂದು ಹೆಸರು ಬರೆಯದೆ ರಿಪೋರ್ಟ್ ಮುಂದೆ ಹೋಗದ ಹಾಗೆ ಒಂದು ಕಡೆ ಮಾಡಿಕೊಟ್ಟೆವು. ಮೊದಲ ತಿಂಗಳು ಬೈಗುಳ. ಆಮೇಲೆ ತಂಡಗಳಲ್ಲಿ ತಗಾದೆ ತಾನಾಗಿ ಕಡಿಮೆಯಾಯಿತು. ಮಿತಿ ಮೀರಬೇಕಾದಾಗ ಮೊಬೈಲಿನಲ್ಲೇ ಮ್ಯಾನೇಜರಿಂದ ಒಪ್ಪಿಗೆ ಪಡೆದು, ಅದು ಬಿಲ್ಲಿನ ಜೊತೆಗೇ ಅಂಟಿಕೊಳ್ಳುವ ಹಾಗೂ ಮಾಡಿದೆವು. ಚೆನ್ನೈಗೆ ಹೋದ ಹುಡುಗನಿಗೆ ಬೇಕಿದ್ದದ್ದು ಅಷ್ಟೇ ಆಗಿತ್ತು.

ನಿಮ್ಮ ಕಾರ್ಡಿನ ಹೊಣೆ ಯಾರದ್ದು ಎಂಬುದನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳಿ. ಕೆಲವು ಕಾರ್ಡುಗಳಲ್ಲಿ ಬ್ಯಾಂಕಿಗೆ ಹಣ ಕಟ್ಟಬೇಕಾದವನು ನೌಕರ, ಕಂಪನಿ ಆಮೇಲೆ ತುಂಬಿಕೊಡುತ್ತದೆ. ಮ್ಯಾನೇಜರ್ ರಜೆಯಲ್ಲಿದ್ದು ಅಪ್ರೂವಲ್ ತಡವಾದರೆ ದಂಡ ನಿಮಗೆ, ಕ್ರೆಡಿಟ್ ಸ್ಕೋರಿಗೆ ಪೆಟ್ಟೂ ನಿಮಗೆ. ಇನ್ನೆರಡು ತಿಂಗಳಿಗೆ ಮನೆ ಸಾಲ ಕೇಳಲು ಹೊರಟವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೊನೆಯದು, ನಮ್ಮಂಥ ಹೊರನಾಡಿನವರದೇ ಒಂದು ಪೇಚು. ಬೆಂಗಳೂರಿಗೆ ಟೂರ್ ಬಿತ್ತು, ಮನೆ ತುಮಕೂರಿನಲ್ಲಿ. ಸೋಮವಾರದ ಮೀಟಿಂಗಿಗೆ ಶುಕ್ರವಾರವೇ ಹೊರಟರೆ ಏನು ತಪ್ಪು? ನಾನು ಕಂಡ ಬಹಳಷ್ಟು ಕಡೆ ಅದಕ್ಕೆ ಅಡ್ಡಿಯಿಲ್ಲ: ಭಾನುವಾರದ ಟಿಕೆಟ್ಟಿಗಿಂತ ಹೆಚ್ಚಾದ ಹಣ ನಿಮ್ಮದು, ತುಮಕೂರಿನ ಕಾರೂ ನಿಮ್ಮದು, ಹೊರಡುವ ಮುಂಚೆ ಎರಡು ಸಾಲಿನ ಮೇಲ್ ಹಾಕಿ ಒಪ್ಪಿಗೆ ಪಡೆದಿರಬೇಕು. ಹೋಟೆಲಿನ ಬದಲು ಮನೆಯಲ್ಲೇ ಉಳಿದರೆ ದಿನಕ್ಕಿಷ್ಟು ಎಂದು ಸಣ್ಣ ಭತ್ಯೆ ಕೊಡುವ ಕಂಪನಿಗಳೂ ಇವೆ. ಹೋಟೆಲಿಗಿಂತ ಅವರಿಗದು ಎಷ್ಟೋ ಅಗ್ಗ. ಈಚೆಗೆ ನಾನು ಕೆಲಸ ಮಾಡಿಕೊಟ್ಟ ಒಂದು ಕಡೆ ಆ ಭತ್ಯೆಯ ಅರ್ಜಿಯಲ್ಲಿ ಕೇಳುವುದು ಎರಡೇ: ಯಾವ ಊರು, ಎಷ್ಟು ರಾತ್ರಿ. ಅಮ್ಮ ಮಾಡಿ ಬಡಿಸಿದ ಊಟಕ್ಕೆ ಬಿಲ್ ಕೇಳುವ ಕಾಲಂ ಅದರಲ್ಲಿ ಇಲ್ಲ.