97 ಡಿಗ್ರಿಗೇ ನೀರು ಕುದಿಯುವ ಊರು

ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್, ಪರೀಕ್ಷೆ ಯಾವುದೇ ಇರಲಿ, ಬೆಂಗಳೂರಿನ ವಿಜಯನಗರದ ರೀಡಿಂಗ್ ರೂಮುಗಳಲ್ಲಿ ಬೆಳಿಗ್ಗೆಯೇ ಬಂದು ಸೀಟು ಹಿಡಿದವರನ್ನು ಕೇಳಿ ನೋಡಿ, ಪುಸ್ತಕದಿಂದ ತಲೆಯೆತ್ತದೆ ‘ನೂರು’ ಅನ್ನುತ್ತಾರೆ. ಸರಿಯುತ್ತರ, ಒಂದು ಅಂಕ ಖಾತ್ರಿ. ಆದರೆ ಅವರಲ್ಲೇ ಒಬ್ಬರು ರೂಮಿಗೆ ಹೋಗಿ, ಸ್ಟೋವಿನ ಮೇಲೆ ನೀರಿಟ್ಟು, ಒಂದು ಒಳ್ಳೆಯ ಥರ್ಮಾಮೀಟರ್ ಇಳಿಬಿಟ್ಟರೆ ಅದು 97ರ ಹತ್ತಿರ ನಿಂತುಬಿಡುತ್ತದೆ! ನೀರು ಕೊತಕೊತ ಕುದಿಯುತ್ತಿದೆ, ಆವಿ ಏಳುತ್ತಿದೆ, ಉರಿ ಎಷ್ಟೇ ಜೋರು ಮಾಡಿದರೂ ಅಂಕಿ ಮಾತ್ರ ಮೇಲೇರುವುದಿಲ್ಲ.

ಥರ್ಮಾಮೀಟರ್ ಕೆಟ್ಟಿಲ್ಲ, ಕೀ ಆನ್ಸರ್ ಕೂಡ ತಪ್ಪಿಲ್ಲ. ನೂರು ಡಿಗ್ರಿ ಅನ್ನುವುದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದ ಗಾಳಿಯ ಕಂಬ ನಮ್ಮ ತಲೆಯ ಮೇಲಿಲ್ಲ, ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಮೇಲಿನಿಂದ ಅದುಮುವ ಗಾಳಿ ಸಡಿಲವಾದರೆ ನೀರಿನ ಅಣುಗಳು ಬೇಗ ಬಿಡಿಸಿಕೊಂಡು ಹಾರುತ್ತವೆ. ಸರಿಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ ಕುದಿಯುವ ನೀರಿಗಿಂತ ವಿಜಯನಗರದಲ್ಲಿ ಕುದಿಯುವ ನೀರು ಮೂರು ಡಿಗ್ರಿ ತಣ್ಣಗಿದೆ! ಲೇಹ್‌ನಲ್ಲಾದರೆ 88ಕ್ಕೇ ಕುದಿ ಬಂದುಬಿಡುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಬೆಂಗಳೂರಿನಲ್ಲೇ ಮುಚ್ಚಳ ಬಿಗಿದ ಕುಕ್ಕರಿನೊಳಗೆ ಒತ್ತಡ ಹೊರಗಿನದರ ಸುಮಾರು ಎರಡರಷ್ಟಾಗಿ, ಅದೇ ನೀರು 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ‘ಎತ್ತರದ ಪ್ರದೇಶದಲ್ಲಿ ಅಡುಗೆಗೆ ಪ್ರೆಷರ್ ಕುಕ್ಕರ್ ಬಳಸುವುದೇಕೆ?’ ಎಂಬ ಹಳೆಯ ಪ್ರಶ್ನೆಗೆ ಉತ್ತರ ಹುಡುಕಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದು ಇಲ್ಲಿ ರೂಮು ಮಾಡಿರುವವರು ತಮ್ಮೂರಿಗಿಂತ ಎತ್ತರದಲ್ಲಿ ಕೂತೇ ಆ ಪ್ರಶ್ನೆಯನ್ನು ಓದುತ್ತಿದ್ದಾರೆ.

ಒಂದು ಪ್ರಶ್ನೆಯ ಹಿಂದೆ ಇಷ್ಟಿದ್ದರೆ ಉಳಿದವುಗಳ ಹಿಂದೆ? ಗೈಡುಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಪರಿಸರ ಎಲ್ಲವೂ ಬೇರೆ ಬೇರೆ ಅಧ್ಯಾಯಗಳು, ಒಂದೊಂದು ಸಾಲಿನ ಪ್ರಶ್ನೋತ್ತರಗಳು. ಆದರೆ ಬೆಂಗಳೂರಿನ ಈ ಪಶ್ಚಿಮ ಭಾಗದಲ್ಲಿ, ರಾಜಾಜಿನಗರದಿಂದ ಕೆಂಗೇರಿವರೆಗಿನ ಇಳಿಜಾರಿನಲ್ಲಿ, ಆ ಅಧ್ಯಾಯಗಳೆಲ್ಲ ಒಂದೇ ಬಕೆಟ್ ಸ್ನಾನದ ನೀರಿನಲ್ಲಿ ಕೂಡಿಕೊಂಡಿವೆ! ನೋಡುತ್ತಾ ಹೋದ ಹಾಗೆ ಮೈ ಜುಮ್ಮೆನ್ನುತ್ತದೆ.

ಮೊದಲು ಆ ಬಕೆಟ್ಟಿನೊಳಗೆ ಇಳಿಬಿಟ್ಟಿರುವ ಹೀಟರ್ ಕಾಯಿಲನ್ನೇ ನೋಡಿ. ಬೋರ್‌ವೆಲ್ ನೀರು ಕಾಯಿಸುವ ಮನೆಯಲ್ಲಿ ಕೆಲವೇ ತಿಂಗಳಿಗೆ ಅದರ ಮೇಲೆ ಬಿಳಿಯ ಒರಟು ಪದರ ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಸುಣ್ಣದಂತೆ ಉದುರುತ್ತದೆ, ನಿಂಬೆರಸ ಬಿಟ್ಟರೆ ಬುಸ್ಸೆಂದು ಗುಳ್ಳೆ ಬರುತ್ತದೆ. ಆ ಗುಳ್ಳೆ ಇಂಗಾಲದ ಡೈಆಕ್ಸೈಡ್, ಆ ಪದರ ಕ್ಯಾಲ್ಸಿಯಂ ಕಾರ್ಬೋನೇಟ್! ನೆಲದಡಿಯ ಕಲ್ಲು ಮಣ್ಣಿನ ಸಂದಿಯಲ್ಲಿ ಇಂಗುವಾಗ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬೋನೇಟುಗಳನ್ನು ಕರಗಿಸಿಕೊಂಡು ಬಂದಿರುತ್ತದೆ. ಕಾಯಿಸಿದಾಗ ಅವು ಒಡೆದು, ಕರಗದ ಕಾರ್ಬೋನೇಟಾಗಿ ಕಾಯಿಲಿಗೆ ಅಂಟುತ್ತವೆ. ‘ಕುದಿಸುವುದರಿಂದ ಹೋಗುವ ಗಡಸುತನ ಯಾವುದು?’ ‘ತಾತ್ಕಾಲಿಕ ಗಡಸುತನ.’ ಆ ಒಂದು ಸಾಲಿನ ಉತ್ತರ ಪ್ರತಿದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕಣ್ಣೆದುರೇ ಗಟ್ಟಿಯಾಗುತ್ತಿದೆ.

ಈಗ ಸೋಪು ಹಚ್ಚಿ. ಬೋರ್ ನೀರಿನಲ್ಲಿ ಎಷ್ಟು ಉಜ್ಜಿದರೂ ನೊರೆ ಏಳುವುದಿಲ್ಲ, ಬೂದುಬಣ್ಣದ ಜಿಗುಟು ಮಾತ್ರ ಮೈಗೂ ಬಕೆಟ್ಟಿಗೂ ಮೆತ್ತುತ್ತದೆ. ಕಾವೇರಿ ನಲ್ಲಿಯ ನೀರಿಗೆ ಅದೇ ಸೋಪು ಒಂದೇ ಉಜ್ಜಿಗೆ ಬೆಳ್ಳಗೆ ಉಕ್ಕುತ್ತದೆ. ಸೋಪಿನ ಅಣುವಿನ ಒಂದು ತುದಿಗೆ ನೀರು ಇಷ್ಟ, ಉದ್ದನೆಯ ಇನ್ನೊಂದು ತುದಿಗೆ ಎಣ್ಣೆ ಇಷ್ಟ. ನೂರಾರು ಅಣುಗಳು ಸೇರಿ ಜಿಡ್ಡಿನ ಹನಿಯನ್ನು ನಡುವೆ ಹಿಡಿದು, ನೀರು ಮೆಚ್ಚುವ ತುದಿಯನ್ನು ಹೊರಗೆ ಚಾಚಿ ಉಂಡೆ ಕಟ್ಟುತ್ತವೆ. ಗೈಡಿನಲ್ಲಿ ಬರುವ ‘ಮಿಸೆಲ್’ ಇದೇ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬಂದು ಆ ತುದಿಗಳನ್ನು ಕಟ್ಟಿಹಾಕಿದರೆ ಸೋಪು ಕೆಲಸಕ್ಕೆ ಮುಂಚೆಯೇ ಕಲ್ಮಷವಾಗಿ ಕೂರುತ್ತದೆ.

ಆ ಸೋಪು ಎಲ್ಲಿಯದು? ಅದು ಮೈಸೂರು ಸ್ಯಾಂಡಲ್ ಆಗಿದ್ದರೆ, ಹತ್ತಿರದ ರಾಜಾಜಿನಗರದ್ದೇ! ಹಸಿರು ಮಾರ್ಗದ ಮೆಟ್ರೋದಲ್ಲಿ ಒಂದು ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರು. ಕಾರ್ಖಾನೆ ಈ ಜಾಗಕ್ಕೆ ಬಂದದ್ದು 1957ರಲ್ಲಿ. ಅದರ ಹುಟ್ಟು ಮಾತ್ರ ಒಂದು ಮಹಾಯುದ್ಧದ ನಡುವೆ. ಮೊದಲ ವಿಶ್ವಯುದ್ಧದಲ್ಲಿ ಹಡಗುಗಳು ನಿಂತು, ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಹೊರದೇಶಕ್ಕೆ ಹೋಗಲಾರದೆ ರಾಶಿಬಿದ್ದವು. ಎಣ್ಣೆಯನ್ನು ಇಲ್ಲೇ ಏಕೆ ತೆಗೆಯಬಾರದು? ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಲ್ಲರೂ ಇದಕ್ಕೆ ಕೈ ಹಚ್ಚಿದರು. ಎಸ್.ಜಿ. ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞ ಇಂಗ್ಲೆಂಡಿಗೆ ಹೋಗಿ ಸೋಪು ಮಾಡುವ ವಿದ್ಯೆ ಕಲಿತು ಬಂದರು. ನಾಡು ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆಯಿತು. 1918ರಲ್ಲಿ ಗಂಧದ ಸೋಪು ಹೊರಬಂತು. ಅದೇ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಶುರು ಮಾಡಿದರು ಎಂಬುದನ್ನು ನೆನೆದರೆ ನನಗೆ ರೋಮಾಂಚನವಾಗುತ್ತದೆ. ಸೋಪಿನ ರಸಾಯನ ಮತ್ತು ಅದನ್ನು ವಿವರಿಸಬಲ್ಲ ಕನ್ನಡ, ಎರಡೂ ಒಂದೇ ವರ್ಷ ಒಂದೇ ಊರಿನಲ್ಲಿ ಕಣ್ಣು ಬಿಟ್ಟಿವೆ!

ಎಣ್ಣೆ ತೆಗೆಯುವ ಬಗೆಯಂತೂ ಪವಾಡದ ಹಾಗಿದೆ. ಪರಿಮಳಕ್ಕೆ ಕಾರಣವಾದ ಸ್ಯಾಂಟಲಾಲ್ ತಾನಾಗಿ ಕುದಿಯಬೇಕಾದರೆ 300 ಡಿಗ್ರಿಯ ಆಸುಪಾಸಿನ ಶಾಖ ಬೇಕು, ಅಷ್ಟು ಕಾಯಿಸಿದರೆ ಸುವಾಸನೆ ಉಳಿಯುವ ಖಾತ್ರಿಯಿಲ್ಲ. ಆದರೆ ಗಂಧದ ಚೇಗಿನ ಪುಡಿಯ ಮೂಲಕ ನೀರಾವಿ ಹಾಯಿಸಿದರೆ? ನೀರಿನ ಆವಿ, ಎಣ್ಣೆಯ ಆವಿ ಎರಡರ ಒತ್ತಡ ಕೂಡಿ ಹೊರಗಿನ ಒತ್ತಡಕ್ಕೆ ಸಮನಾಗುತ್ತದೆ, ನೀರಿನ ಕುದಿಬಿಂದುವಿಗಿಂತ ತುಸು ಕೆಳಗೇ ಎಣ್ಣೆ ಆವಿಯ ಜೊತೆ ಹೊರಟುಬಿಡುತ್ತದೆ! ಮತ್ತೆ ಅದೇ ಒತ್ತಡದ ಆಟ, ಸ್ಟೋವಿನ ಮೇಲೆ 97ಕ್ಕೆ ನೀರು ಕುದಿಸಿದ್ದೂ ಅದೇ.

ಇನ್ನು ಆ ಮರ. ‘ಭಾಗಶಃ ಬೇರುಪರಾವಲಂಬಿ ಸಸ್ಯಕ್ಕೆ ಉದಾಹರಣೆ’ ಎಂದು ಕೇಳಿದರೆ ಶ್ರೀಗಂಧ ಎಂದು ಗುರುತು ಹಾಕಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಲ್ಲಿ. ಹಸಿರೆಲೆ ಇದೆ, ದ್ಯುತಿಸಂಶ್ಲೇಷಣೆ ಮಾಡುತ್ತದೆ, ಆಹಾರ ತಾನೇ ತಯಾರಿಸುತ್ತದೆ. ಆದರೂ ಮಣ್ಣಿನೊಳಗೆ ಅದರ ಬೇರು ಪಕ್ಕದ ಗಿಡದ ಬೇರನ್ನು ಹುಡುಕಿಕೊಂಡು ಹೋಗಿ, ಗುಂಡಿಯಂಥ ಒಂದು ಅಂಗದಿಂದ ಅಂಟಿಕೊಂಡು, ನೀರು ಲವಣಗಳನ್ನು ಹೀರುತ್ತದೆ. ಅದಕ್ಕೇ ಗಂಧ ಬೆಳೆಯುವ ರೈತರು ಪಕ್ಕದಲ್ಲಿ ತೊಗರಿಯನ್ನೋ ಹೊಂಗೆಯನ್ನೋ ನೆಡುತ್ತಾರೆ. ನಮ್ಮ ನಾಡಿನ ಹೆಮ್ಮೆಯ ಪರಿಮಳ ಪಕ್ಕದ ಗಿಡಗಳ ಬೇರಿನ ನೀರು ಕುಡಿದೇ ಬೆಳೆದದ್ದು!

ಬಕೆಟ್ಟಿಗೆ ಮರಳೋಣ, ಏಕೆಂದರೆ ಅತಿ ದೊಡ್ಡ ಬೆರಗು ಅದಕ್ಕೆ ಬರುವ ನಲ್ಲಿ ನೀರಿನಲ್ಲೇ ಇದೆ. ಶಿವನಸಮುದ್ರದ ಬಳಿಯಿಂದ ತೊರೆಕಾಡನಹಳ್ಳಿಗೆ ಬಂದು, ಹಾರೋಹಳ್ಳಿ, ತಾತಗುಣಿಗಳ ಪಂಪುಗಳನ್ನು ದಾಟಿ, ಸುಮಾರು ನೂರು ಕಿಲೋಮೀಟರ್ ದೂರ, ಸರಿಸುಮಾರು 500 ಮೀಟರ್ ಎತ್ತರ ಏರಿ ಬಂದ ಕಾವೇರಿ ಅದು. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸ್ಥಿತಿಶಕ್ತಿ, ಇದು ಗೊತ್ತಿರುವ ಸೂತ್ರವೇ. 15 ಲೀಟರಿನ ಬಕೆಟ್ಟಿಗೆ ಹಾಕಿ ನೋಡಿ: 15 × 9.8 × 500, ಅಂದರೆ 73,500 ಜೂಲ್. 75 ವ್ಯಾಟಿನ ಫ್ಯಾನು 16 ನಿಮಿಷ ತಿರುಗುವಷ್ಟು ಶಕ್ತಿ, ಒಂದು ಬಕೆಟ್ ನೀರನ್ನು ಮೇಲಕ್ಕೆತ್ತಲು! 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತ ಸೇರಿ ಕಾವೇರಿ ನೀರು ಪೂರೈಕೆ ಯೋಜನೆಯ ಸಾಮರ್ಥ್ಯ ದಿನಕ್ಕೆ ಸುಮಾರು 220 ಕೋಟಿ ಲೀಟರ್. ಅದೇ ಸೂತ್ರದಲ್ಲಿ ಇಡೀ ಸಾಮರ್ಥ್ಯ ಹಾಕಿದರೆ ದಿನಕ್ಕೆ ಸುಮಾರು 30 ಲಕ್ಷ ಯೂನಿಟ್ ಬರುತ್ತದೆ. ಪಂಪಿನ ಬಿಸಿ, ಪೈಪಿನ ಘರ್ಷಣೆ ಸೇರಿಸದೆಯೇ! ‘ಯೂನಿಟ್ ಎಂಬುದು ಯಾವುದರ ಮಾನ, ಸಾಮರ್ಥ್ಯದ್ದೋ ಶಕ್ತಿಯದ್ದೋ?’ ಎಂದು ಗೊಂದಲಪಡುವ ಎಲ್ಲರಿಗೂ ಈ ಲೆಕ್ಕ ಒಮ್ಮೆ ಮಾಡಿ ನೋಡಿ ಎಂದು ಹೇಳಬೇಕೆನಿಸುತ್ತದೆ. ಶಕ್ತಿಯದ್ದು ಎಂದು ಮತ್ತೆಂದೂ ಮರೆಯುವುದಿಲ್ಲ.

ಅಷ್ಟು ಕಷ್ಟಪಟ್ಟು ಏರಿದ ನೀರು ಸ್ನಾನ ಮುಗಿದ ಕ್ಷಣವೇ ಇಳಿಯತೊಡಗುತ್ತದೆ. ಬಚ್ಚಲಿನಿಂದ ಒಳಚರಂಡಿ, ರಾಜಕಾಲುವೆ, ಆಮೇಲೆ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟಿತೆಂದು ಜನ ಪೂಜ್ಯವಾಗಿ ನೆನೆಯುವ ಹೊಳೆ, ಗಾಳಿ ಆಂಜನೇಯನ ಗುಡಿಯ ಹತ್ತಿರ ಹಾದು, ಮೈಸೂರು ರಸ್ತೆಯ ಜೊತೆಜೊತೆಗೆ ಕೆಂಗೇರಿಯತ್ತ ಹರಿಯುತ್ತದೆ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ದಾರಿಯುದ್ದಕ್ಕೂ ಅದರ ಕಪ್ಪು ಹರಿವು ಆಗಾಗ ಕಾಣುತ್ತದೆ.

ಹೊಳೆಯನ್ನು ನೋಡಿದರೆ ಸಂಕಟವಾಗುತ್ತದೆ, ನಿಜ. ಮನೆಮನೆಯ ಡಿಟರ್ಜೆಂಟು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿದೆ. ಅದಕ್ಕೇ ನೀರು ಧುಮುಕುವ ಕಡೆ, ಬೈರಮಂಗಲದ ಕೆರೆಯ ಬಳಿ, ನೊರೆ ಗುಡ್ಡೆಗುಡ್ಡೆಯಾಗಿ ಏಳುವುದು. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಕರಗಿದ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ, ಮೀನಿಗೆ ಉಳಿಯುವುದಿಲ್ಲ. ಬಿಒಡಿ ಎಂಬ ಮೂರಕ್ಷರ ಅಳೆಯುವುದು ಬ್ಯಾಕ್ಟೀರಿಯಾಗಳ ಈ ಆಮ್ಲಜನಕದ ಬೇಡಿಕೆಯನ್ನೇ. ಹೊಳೆಯ ದಡದ ರೈತರಿಗೆ ಇದು ಪ್ರಶ್ನೆಪತ್ರಿಕೆಯಲ್ಲ, ದಿನದ ಬದುಕು.

ಹೊಳೆ ಅಲ್ಲಿಗೆ ನಿಲ್ಲುವುದಿಲ್ಲ. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರ ದಾಟಿ, ಮೇಕೆದಾಟಿಗಿಂತ ಸ್ವಲ್ಪ ಮೇಲೆ, ಸಂಗಮದಲ್ಲಿ ಕೂಡುವುದು ಯಾವ ನದಿಯನ್ನು? ಕಾವೇರಿಯನ್ನೇ! ಶಿವನಸಮುದ್ರದ ಬಳಿ ಎತ್ತಿದ ನೀರು ಅರ್ಧ ಕಿಲೋಮೀಟರ್ ಎತ್ತರ ಏರಿ, ವಿಜಯನಗರದ ಬಕೆಟ್ಟಿನಲ್ಲಿ ಒಂದು ಬೆಳಿಗ್ಗೆ ಕಳೆದು, ಅದೇ ನದಿಗೆ ಕೆಳಭಾಗದಲ್ಲಿ ಮರಳುತ್ತದೆ. ಭೂಪಟ ಹರಡಿ ಬೆರಳಿಟ್ಟು ಈ ದಾರಿಯನ್ನು ಹಿಡಿದು ಹೋದರೆ ನಂಬಲಾಗದಷ್ಟು ಸಂತೋಷವಾಗುತ್ತದೆ.

ಈ ಸುತ್ತು ಪಶ್ಚಿಮ ಬೆಂಗಳೂರಿನ ಭಾಗ್ಯ ಮಾತ್ರ. ನಗರದ ನಡುವೆ ಒಂದು ದಿಣ್ಣೆ ಇದೆ. ಅದರ ಪೂರ್ವಕ್ಕೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗಿ ತಮಿಳುನಾಡಿನ ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ರಾಜಾಜಿನಗರ, ಬಸವೇಶ್ವರನಗರದ ತಾರಸಿಯ ಮಳೆ ಕಾವೇರಿಯಾಗಿ ಪೂಂಪುಹಾರಿನ ಕಡೆ ಹೋಗುತ್ತದೆ. ಎರಡೂ ಬಂಗಾಳ ಕೊಲ್ಲಿಯೇ. ‘ಪೂರ್ವಕ್ಕೆ ಹರಿಯುವ ನದಿಗಳು’ ಎಂಬ ಪಟ್ಟಿಯಲ್ಲಿ ಈ ಎರಡು ಹೆಸರನ್ನೂ ಬಾಯಿಪಾಠ ಮಾಡುತ್ತಿರುವವರಿಗೆ ಅವೆರಡನ್ನೂ ಬೇರ್ಪಡಿಸುವ ದಿಣ್ಣೆಯನ್ನು ನೋಡಲು ಮೆಟ್ರೋ ಟಿಕೆಟ್ ಸಾಕು.