ವಿಡಿಯೊ ಮುಗಿದರೆ ಕೋರ್ಸ್ ಮುಗಿಯಿತೇ?

ಜನವರಿ, ಜುಲೈ ಬಂತೆಂದರೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎನ್‌ಪಿಟಿಇಎಲ್ ಮಾತು ಶುರುವಾಗುತ್ತದೆ. ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆ ಇದು. 2014ರಿಂದ ಪರೀಕ್ಷೆ ನಡೆಸಿ ಪ್ರಮಾಣಪತ್ರವನ್ನೂ ಕೊಡುತ್ತಿದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ‘ಸ್ವಯಂ’ ವೇದಿಕೆಯಲ್ಲಿ ಇಂಜಿನಿಯರಿಂಗ್ ಕೋರ್ಸ್‌ಗಳ ಹೊಣೆ ಇದರದೇ. ಪಾಠ ಕೇಳಲು ಶುಲ್ಕವಿಲ್ಲ. ಪುಕ್ಕಟೆ ಸಿಕ್ಕಿದ್ದು ಸಲೀಸೂ ಆಗಿರುತ್ತದೆ ಎಂಬ ಲೆಕ್ಕಾಚಾರದಿಂದ ಹುಟ್ಟಿದ ಹಲವು ನಂಬಿಕೆಗಳು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹಾಸ್ಟೆಲ್ ಮೆಟ್ಟಿಲ ಮೇಲೇ ದಾಟಿಬಿಡುತ್ತವೆ.

‘ವಾರಕ್ಕೆ ಎರಡೂವರೆ ಗಂಟೆ ವಿಡಿಯೊ ನೋಡಿದರೆ ಆಯ್ತು’ ಎಂಬುದು ಮೊದಲನೆಯದು. 12 ವಾರಗಳ ಕೋರ್ಸ್‌ನಲ್ಲಿ ಪಾಠ ಇರುವುದು ಸುಮಾರು 30 ಗಂಟೆ ನಿಜ. ಆದರೆ ಅದಕ್ಕೆ ಸಾಮಾನ್ಯವಾಗಿ ಸಿಗುವುದು 3 ಕ್ರೆಡಿಟ್. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕಲಿಕೆ ಎಂದು ಲೆಕ್ಕ ಹಾಕುತ್ತದೆ. ಅಲ್ಲಿಗೆ ಒಟ್ಟು 90 ಗಂಟೆ, ವಾರಕ್ಕೆ ಏಳೂವರೆ. ವಿಡಿಯೊ ಕಳೆದು ಉಳಿದ 60 ಗಂಟೆಗಳಲ್ಲಿ ಟಿಪ್ಪಣಿ ಬರೆಯಬೇಕು, ಪುಸ್ತಕ ತಿರುವಬೇಕು, ಲೆಕ್ಕ ಬಿಡಿಸಬೇಕು, ತಿಳಿಯದ್ದನ್ನು ಯಾರನ್ನಾದರೂ ಕೇಳಬೇಕು. ಕಾಲೇಜಿನಲ್ಲಿ ಈ ಕೆಲಸವನ್ನು ಟೈಮ್‌ಟೇಬಲ್, ಟ್ಯುಟೋರಿಯಲ್, ಲ್ಯಾಬ್, ಹಾಜರಾತಿ, ಮೇಷ್ಟ್ರ ಗದರಿಕೆ ಎಲ್ಲ ಸೇರಿ ಮಾಡಿಸುತ್ತಿದ್ದವು. ಆನ್‌ಲೈನ್‌ನಲ್ಲಿ ಗದರುವವರು ಯಾರೂ ಇಲ್ಲ. ವಾರದ ಯಾವ ದಿನ, ಎಷ್ಟು ಹೊತ್ತು ಎಂದು ಗೊತ್ತುಮಾಡಿಕೊಳ್ಳುವುದೂ ವಿದ್ಯಾರ್ಥಿಯ ಪಾಲಿಗೇ ಬಂತು.

ಇನ್ನೊಂದು ನಂಬಿಕೆ ಮೇಷ್ಟ್ರುಗಳದ್ದು: ‘ಎರಡು ಪಟ್ಟು ವೇಗದಲ್ಲಿ ವಿಡಿಯೊ ಓಡಿಸಿದರೆ ತಲೆಗೆ ಏನೂ ಹತ್ತುವುದಿಲ್ಲ.’ ಇಲ್ಲಿ ನನ್ನ ಓಟು ಹುಡುಗರ ಕಡೆಗೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಎರಡು ಪಟ್ಟು ವೇಗದವರೆಗೆ ಗ್ರಹಿಕೆಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ, ಎರಡೂವರೆ ಪಟ್ಟಿಗೆ ಹೋದಾಗ ಬಿತ್ತು. ಹಾಗೆಂದು ಗಣಿತದ ಸಾಧನೆಯೊಂದನ್ನು ಆ ವೇಗದಲ್ಲಿ ಓಡಿಸಿ ನೋಡಿ ಎಂದು ನಾನು ಹೇಳುವುದಿಲ್ಲ.

ವೇಗಕ್ಕಿಂತ ದೊಡ್ಡ ಮೋಸ ಬೇರೆ ಇದೆ. ಒಮ್ಮೆ ನೋಡಿದ ಪಾಠವನ್ನೇ ಮತ್ತೊಮ್ಮೆ ನೋಡಿದಾಗ ಎಲ್ಲವೂ ಗೊತ್ತಿರುವಂತೆಯೇ ಅನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಠ್ಯವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದೆ: ಶೇ 81, ಇನ್ನೊಂದು ಗುಂಪು ಶೇ 75. ವಾರದ ನಂತರ ಫಲಿತಾಂಶ ತಲೆಕೆಳಗಾಯಿತು. ಓದಿದವರಿಗೆ ಶೇ 42 ನೆನಪಿತ್ತು, ಬರೆದವರಿಗೆ ಶೇ 56. ವಿಡಿಯೊ ನಿಲ್ಲಿಸಿ, ಖಾಲಿ ಹಾಳೆಯ ಮೇಲೆ ಹತ್ತು ಸಾಲು ಗೀಚುವ ವಿದ್ಯಾರ್ಥಿ ವಿಡಿಯೊವನ್ನು ಮೊದಲಿನಿಂದ ಓಡಿಸುವವನಿಗಿಂತ ಮುಂದಿರುತ್ತಾನೆ. ಆ ಕ್ಷಣಕ್ಕೆ ಮಾತ್ರ ಅವನಿಗೆ ಹಾಗನ್ನಿಸುವುದಿಲ್ಲ, ಅದೇ ತೊಡಕು.

‘ಅಸೈನ್‌ಮೆಂಟ್‌ಗೆ ಯೂಟ್ಯೂಬಲ್ಲೇ ಆನ್ಸರ್ ಸಿಗುತ್ತೆ, ತಲೆ ಕೆಡಿಸ್ಕೋಬೇಡ.’ ಸಿಗುತ್ತದೆ, ನಿಜ. ವಾರದ ಅಸೈನ್‌ಮೆಂಟ್ ಬಂದ ಕೆಲವೇ ಗಂಟೆಗಳಲ್ಲಿ ‘ವೀಕ್ 3 ಆನ್ಸರ್ಸ್’ ಎಂಬ ವಿಡಿಯೊ, ಟೆಲಿಗ್ರಾಂ ಸಂದೇಶ ಹರಿದಾಡುತ್ತವೆ. ಅವುಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದಕ್ಕೆ ಯಾರ ಜಾಮೀನೂ ಇಲ್ಲ. ಎಲ್ಲವೂ ಸರಿಯಿದ್ದರೂ ಅಸೈನ್‌ಮೆಂಟ್‌ಗೆ ಇರುವುದು ನೂರರಲ್ಲಿ 25 ಅಂಕ. ಉಳಿದ 75 ಪರೀಕ್ಷೆಗೆ, ಅದೂ ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಕುಳಿತು ಬರೆಯಬೇಕು. ಕೋರ್ಸ್ ಆನ್‌ಲೈನ್ ಆದ ಮಾತ್ರಕ್ಕೆ ಪರೀಕ್ಷೆಯನ್ನೂ ಮನೆಯ ಮಂಚದ ಮೇಲೆ ಕೂತು ಬರೆಯಬಹುದೆಂದು ಕೊನೆಯ ವಾರದವರೆಗೂ ನಂಬಿರುವವರು ಇದ್ದಾರೆ.

ಅಂಕಗಳ ನಿಯಮದಲ್ಲೂ ಒಂದು ಕೊಕ್ಕೆ ಇದೆ. ಪ್ರಮಾಣಪತ್ರಕ್ಕೆ ಒಟ್ಟು 40 ಅಂಕ ಬಂದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಎನ್‌ಪಿಟಿಇಎಲ್‌ನ ನಿಯಮ ಎರಡು ಕಡೆಯೂ ಕನಿಷ್ಠ ಕೇಳುತ್ತದೆ: ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30. ಪರೀಕ್ಷೆಯಲ್ಲಿ 75ಕ್ಕೆ 75 ತೆಗೆದು ಅಸೈನ್‌ಮೆಂಟ್‌ನಲ್ಲಿ 8 ಇದ್ದರೆ ಒಟ್ಟು 83, ಆದರೂ ಪ್ರಮಾಣಪತ್ರ ಇಲ್ಲ. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 25 ಪಡೆದು ಪರೀಕ್ಷೆಯಲ್ಲಿ 29ಕ್ಕೆ ನಿಂತವರಿಗೂ ಅದೇ ಗತಿ. ಜ್ವರ, ಊರ ಜಾತ್ರೆ, ಕರೆಂಟು, ನೆಟ್‌ವರ್ಕ್ ಯಾವುದಕ್ಕೂ ಡೆಡ್‌ಲೈನ್ ಕಾಯುವುದಿಲ್ಲವಾದರೂ ನಿಯಮ ತೀರಾ ಕಠೋರವಲ್ಲ. 12 ವಾರದ ಕೋರ್ಸ್‌ನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಉತ್ತರ ಸಲ್ಲಿಸಬಹುದು, ಪರಿಗಣಿಸುವುದು ಕೊನೆಯದನ್ನು. ಆದ್ದರಿಂದ ಅಸೈನ್‌ಮೆಂಟ್ ತೆರೆದ ದಿನವೇ ಗೊತ್ತಿರುವಷ್ಟನ್ನು ಸಲ್ಲಿಸಿಟ್ಟು, ಆಮೇಲೆ ತಿದ್ದುವುದು ಜಾಣತನ. ಕೊನೆಯ ರಾತ್ರಿ ಸಿಗ್ನಲ್ ಹುಡುಕಿಕೊಂಡು ತಾರಸಿ ಹತ್ತುವ ಪಾಡು ತಪ್ಪುತ್ತದೆ.

ಹೆಸರು ನೋಂದಾಯಿಸಿದ ಕೂಡಲೇ ಪರೀಕ್ಷೆಗೂ ನೋಂದಣಿ ಆಯಿತು ಎಂಬುದು ಚಿಕ್ಕ ತಪ್ಪು, ಆದರೆ ಅದು ಇಡೀ ಸೆಮಿಸ್ಟರ್ ನುಂಗುತ್ತದೆ. ಪರೀಕ್ಷೆಗೆ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಕೊನೆಯ ದಿನಾಂಕ. ಮೇಲ್ ನೋಡುವ ಅಭ್ಯಾಸವಿಲ್ಲದವರು, ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ ಎಂದು ಕಾಯುವವರು ಎಡವುವುದು ಇಲ್ಲೇ.

‘ಆನ್‌ಲೈನ್ ಕೋರ್ಸ್ ಯಾರೂ ಪೂರ್ತಿ ಮಾಡಲ್ಲ’ ಎಂಬ ಮಾತಿಗೆ ಅಂಕಿಅಂಶದ ಬೆಂಬಲವೂ ಇದೆ ಅನ್ನಿ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸ್‌ಗಳ ಬಗ್ಗೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, 2017–18ರಲ್ಲಿ ಸೇರಿದವರ ಪೈಕಿ ಪೂರೈಸಿದವರು ಶೇ 3ರ ಆಸುಪಾಸು. ಆದರೆ ಅದೇ ವಿಶ್ಲೇಷಣೆಯಲ್ಲಿ, ಹಣ ಕಟ್ಟಿ ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಶೇ 46 ಮಂದಿ ಮುಗಿಸಿದ್ದರು. ಇಣುಕಿ ನೋಡಲು ಬಂದವರನ್ನೂ ಓದಲು ಕುಳಿತವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಸೋಮಾರಿತನದ ಪಟ್ಟ ಕಟ್ಟುವುದು ಅನ್ಯಾಯ.

ಕೊನೆಯದು ಕ್ರೆಡಿಟ್‌ನ ಪ್ರಶ್ನೆ. ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಕ್ರೆಡಿಟ್ ಅಂಕಪಟ್ಟಿಗೆ ತಾನಾಗಿ ಇಳಿಯುವುದಿಲ್ಲ. ಯುಜಿಸಿಯ 2021ರ ನಿಯಮ ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನು ‘ಸ್ವಯಂ’ ಮೂಲಕ ಮಾಡಲು ಅವಕಾಶ ಕೊಟ್ಟಿದೆ. ಆ ಅವಕಾಶದಲ್ಲಿ ಎಷ್ಟನ್ನು, ಯಾವ ವಿಷಯಕ್ಕೆ ಒಪ್ಪಬೇಕೆಂದು ತೀರ್ಮಾನಿಸುವುದು ವಿದ್ಯಾರ್ಥಿಯ ವಿಶ್ವವಿದ್ಯಾಲಯ. ಈಗಾಗಲೇ ಕಾಲೇಜಿನಲ್ಲಿ ಓದಿದ ವಿಷಯವನ್ನೇ ಹೋಲುವ ಕೋರ್ಸ್ ಆರಿಸಿಕೊಂಡು, ಪಾಸಾದ ಮೇಲೆ ವಿಭಾಗದ ಮುಖ್ಯಸ್ಥರ ಬಾಗಿಲಲ್ಲಿ ನಿಂತರೆ ಅವರೂ ಏನೂ ಮಾಡಲಾರರು. ಕೋರ್ಸ್ ಸೇರುವ ಮೊದಲೇ ಕಾಲೇಜಿನ ಸಂಯೋಜಕರಿಗೆ ಕೋರ್ಸ್‌ನ ಹೆಸರು, ವಾರಗಳ ಸಂಖ್ಯೆ ತೋರಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಬೇಕು.